ಪ್ರಶ್ನೋತ್ತರ: ಕೇಳಿದ ದಾಖಲೆ ಕೊಡದೆ ದಾವೆ ವಜಾ ಆದರೆ ಮುಂದೇನು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಿವಿಲ್ ಕೇಸು ನಡೆಸುವ ವಕೀಲೆ ಮೇಡಂ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ವಿಷಯ ಒಂದೇ. ಎದುರಾಳಿಗೆ ದಾಖಲೆ ತೋರಿಸಿ, ಪ್ರಶ್ನೆಗೆ ಉತ್ತರ ಕೊಡಿ ಅಂತ ಕೋರ್ಟು ಹೇಳಿದ ಮೇಲೂ ಕೊಡದೆ ಹೋದರೆ ಏನಾಗುತ್ತದೆ? ಹೆಸರು, ಕೇಸ್ ನಂಬರ್ ಹಾಕಬೇಡಿ. ಫಾರ್ವರ್ಡ್ ಮೆಸೇಜೂ ಬೇಡ.

ವಕೀಲೆ: ನಮಸ್ಕಾರ. ಈ ವಿಷಯ ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ ಆರ್ಡರ್ 11ರಲ್ಲಿದೆ. ಇಲ್ಲಿ ಆರ್ಡರ್ ಅಂದರೆ ಸಂಹಿತೆಯ ಒಂದು ಅಧ್ಯಾಯ, ರೂಲ್ ಅಂದರೆ ಅದರೊಳಗಿನ ನಿಯಮ. ಎದುರಿನವರು ಕೋರ್ಟಿನ ಅನುಮತಿ ಪಡೆದು ನಿಮಗೆ ಲಿಖಿತ ಪ್ರಶ್ನೆ ಕೊಡಬಹುದು. ನಿಮ್ಮ ಬಳಿ ಯಾವ ದಾಖಲೆ ಇದೆ ಅಂತ ಪ್ರಮಾಣ ಮಾಡಿ ಹೇಳಿಸಬಹುದು. ಆ ದಾಖಲೆಯನ್ನು ನೋಡಿ ನಕಲು ತೆಗೆದುಕೊಳ್ಳಬಹುದು. ಇದಕ್ಕೆಲ್ಲ ಕೋರ್ಟು ಆದೇಶ ಮಾಡಿದ ಮೇಲೂ ಪಾಲಿಸದಿದ್ದರೆ ರೂಲ್ 21 ಬರುತ್ತದೆ. ವಾದಿಯಾದರೆ ದಾವೆ ವಜಾ ಆಗಬಹುದು. ಪ್ರತಿವಾದಿಯಾದರೆ ಅವರ ಪ್ರತಿವಾದವನ್ನೇ ತೆಗೆದು ಹಾಕಬಹುದು. ಈಗ ಕೇಳಿ.

ಹೊಸ ಸದಸ್ಯ: ಮೇಡಂ, ವಾಯಿದೆಗೆ ಹೋಗಲಿಲ್ಲ, ನಮ್ಮ ಕೇಸು ವಜಾ ಆಗಿದೆ. ಮತ್ತೆ ತೆರೆಸಬಹುದಾ?

ವಕೀಲೆ: ಅದು ಆರ್ಡರ್ 9, ಬೇರೆ ವಿಷಯ. ವಜಾ ಆದ ದಿನದಿಂದ 30 ದಿನದೊಳಗೆ, ಹಾಜರಾಗದ ಕಾರಣ ಬರೆದು ಅರ್ಜಿ ಹಾಕಿ. ತಡವಾಗಿದ್ದರೆ ಜೊತೆಗೆ ತಡ ಮನ್ನಿಸುವ ಅರ್ಜಿಯೂ ಬೇಕು.

ಸೈಟಿನ ಕರಾರು: ಮೇಡಂ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ. ಸೈಟು ಕೊಳ್ಳೋಕೆ ಕರಾರು ಮಾಡಿಕೊಂಡಿದ್ದೆ, ಅಡ್ವಾನ್ಸ್ ಕೊಟ್ಟಿದ್ದೆ. ಮಾಲೀಕರು ಕ್ರಯಪತ್ರ ಮಾಡಿಕೊಡಲಿಲ್ಲ. ಕರಾರಿನಂತೆ ಕ್ರಯ ಮಾಡಿಕೊಡಿ ಅಂತ ದಾವೆ ಹಾಕಿದೆ. ಅವರು ಕೋರ್ಟಿನಲ್ಲಿ ಅರ್ಜಿ ಹಾಕಿ, ಆ ಅವಧಿಯ ನನ್ನ ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ರಿಟರ್ನು ಎಲ್ಲ ಕೇಳಿದರು. ನಮ್ಮ ವಕೀಲರು ಒಂದಷ್ಟು ಜೆರಾಕ್ಸ್ ಕೊಟ್ಟರು. ಈಗ ದಾವೆಯೇ ವಜಾ ಅಂತ ಆದೇಶ ಆಗಿದೆ. ಮೂರು ವಾರ ಆಗ್ತಾ ಬಂತು. ಹೊಸ ದಾವೆ ಹಾಕೋಣ ಅಂತಿದ್ದೀನಿ. ಕೋರ್ಟ್ ಫೀ ಮತ್ತೆ ಪೂರ್ತಿ ಕಟ್ಟಬೇಕಾ?

ಕಾನೂನು ಮಿತ್ರ: ಚಿಂತೆ ಬೇಡ ಅಣ್ಣ. ಈ ಮೆಸೇಜ್ ನೋಡಿ: "ದಾಖಲೆ ಕೊಟ್ಟಿಲ್ಲ ಎಂದು ಕೇಸು ವಜಾ ಮಾಡಲು ಯಾವ ಕೋರ್ಟಿಗೂ ಅಧಿಕಾರ ಇಲ್ಲ. ಮೂರು ವರ್ಷದೊಳಗೆ ಅದೇ ಕೇಸು ಮತ್ತೆ ಹಾಕಬಹುದು. ಕಟ್ಟಿದ ಕೋರ್ಟ್ ಫೀ ವಾಪಸ್ ಸಿಗುತ್ತದೆ. ಎಲ್ಲರಿಗೂ ಹಂಚಿ." ನಮ್ಮ ಊರಿನ ಗ್ರೂಪಿನಲ್ಲಿ ಬಂದಿದ್ದು.

ವಕೀಲೆ: ಕಾನೂನು ಮಿತ್ರ ಅವರೇ, ದಯವಿಟ್ಟು ಆ ಮೆಸೇಜ್ ಅಳಿಸಿ. ಅದರಲ್ಲಿ ಇರುವ ಮೂರು ಮಾತೂ ತಪ್ಪು. ಅದನ್ನು ನಂಬಿ ಕೂತರೆ ಇವರ ಸೈಟು ಶಾಶ್ವತವಾಗಿ ಕೈ ತಪ್ಪುತ್ತದೆ.

ಸೈಟಿನ ಕರಾರು ಅವರೇ, ನಿಮ್ಮ ಪ್ರಶ್ನೆ ಓದಿ ನಿಜವಾಗಿಯೂ ಆತಂಕ ಆಯಿತು. ಗಮನ ಇಟ್ಟು ಓದಿ. ರೂಲ್ 21ರ ಎರಡನೇ ಉಪನಿಯಮ ಸ್ಪಷ್ಟವಾಗಿದೆ. ಈ ನಿಯಮದಡಿ ದಾವೆ ವಜಾ ಆದರೆ ಅದೇ ಕಾರಣಕ್ಕೆ ವಾದಿ ಹೊಸ ದಾವೆ ಹಾಕುವಂತಿಲ್ಲ. ನೀವು ಹಾಕಿದರೆ ಎದುರಿನವರು ಈ ಆದೇಶದ ನಕಲನ್ನು ಮುಂದಿಡುತ್ತಾರೆ, ದಾವೆ ಅಲ್ಲಿಗೇ ನಿಲ್ಲುತ್ತದೆ. ಅಷ್ಟರಲ್ಲಿ ನಿಮಗೆ ನಿಜವಾಗಿ ಇರುವ ದಾರಿಯ ಗಡುವೂ ಮುಗಿದಿರುತ್ತದೆ.

ನಿಮಗಿರುವ ದಾರಿ ಅಪೀಲು. ಆರ್ಡರ್ 43 ರೂಲ್ 1ರ (ಎಫ್) ಕಲಮಿನಲ್ಲಿ ಇದಕ್ಕೆ ನೇರವಾಗಿ ಅವಕಾಶ ಇದೆ. ಅಪೀಲು ಜಿಲ್ಲಾ ನ್ಯಾಯಾಲಯಕ್ಕೆ ಹೋಗುವುದಾದರೆ 30 ದಿನ. ಹೈಕೋರ್ಟಿಗಾದರೆ 90 ದಿನ. ಎಲ್ಲಿಗೆ ಅನ್ನುವುದು ದಾವೆಯ ಮೌಲ್ಯ ನೋಡಿ ಗೊತ್ತಾಗಬೇಕು. ಆದ್ದರಿಂದ ಸದ್ಯಕ್ಕೆ 30 ಅಂತಲೇ ಇಟ್ಟುಕೊಳ್ಳಿ. ಮೂರು ವಾರ ಆಗಲೇ ಹೋಗಿದೆ. ಇನ್ನೊಂದು ಮಾತು. ಸೆಕ್ಷನ್ 104ರ ಪ್ರಕಾರ ಇಂಥ ಅಪೀಲಿನ ತೀರ್ಪಿನ ಮೇಲೆ ಮತ್ತೊಂದು ಅಪೀಲು ಇಲ್ಲ. ಇರುವುದು ಒಂದೇ ಅವಕಾಶ. ಅದನ್ನು ಸರಿಯಾಗಿ ಸಿದ್ಧ ಮಾಡಬೇಕು.

ಈಗ ನನಗೆ ತಿಳಿಯಬೇಕಾದ್ದು ಇದು. ಆರ್ಡರ್ ಶೀಟ್ ತೆಗೆಸಿ. ಅದರಲ್ಲಿ ಪ್ರತಿ ತಾರೀಖಿನ ಎದುರು ಎರಡು ಮೂರು ಸಾಲು ಬರೆದಿರುತ್ತಾರೆ. ಮೊದಲು ಪ್ರತಿವಾದಿಯ ಅರ್ಜಿ ಒಪ್ಪಿ "ವಾದಿ ಅಫಿಡವಿಟ್ ಸಲ್ಲಿಸಲಿ" ಅಂತ ಆದೇಶ ಆದ ದಿನ ಹುಡುಕಿ. ಆಮೇಲೆ ಎಷ್ಟು ಸಲ ಸಮಯ ಕೊಟ್ಟಿದ್ದಾರೆ, "ಕೊನೆಯ ಅವಕಾಶ" ಅಂತ ಎಲ್ಲಾದರೂ ಇದೆಯಾ ನೋಡಿ. ವಜಾ ಮಾಡಿ ಅಂತ ಅವರು ಬೇರೆ ಅರ್ಜಿ ಹಾಕಿದ್ದು ಯಾವತ್ತು? ಅದಕ್ಕೆ ತಕರಾರು ಹಾಕಲು ನಿಮಗೆ ಸಮಯ ಸಿಕ್ಕಿತಾ? ಈ ನಾಲ್ಕು ಸಾಲುಗಳ ಮೇಲೆ ನಿಮ್ಮ ಅಪೀಲು ನಿಂತಿದೆ. ಬರೆದು ತಿಳಿಸಿ, ಕಾಯುತ್ತೇನೆ.

ಮೂರನೇ ಮಗಳು: ಮೇಡಂ, ಅಪ್ಪನ ಹಳೆಯ ಪತ್ರಗಳು ಅಣ್ಣನ ಬೀರುವಿನಲ್ಲಿವೆ. ನನಗೆ ಮುಟ್ಟಲೂ ಬಿಡುವುದಿಲ್ಲ. ಕೋರ್ಟು ನನ್ನನ್ನೇ ದಾಖಲೆ ಕೊಡು ಅಂದರೆ ನನ್ನ ಕೇಸು ಹೋಗುತ್ತಾ?

ವಕೀಲೆ: ಹೋಗುವುದಿಲ್ಲ, ಆದರೆ ಸುಮ್ಮನಿದ್ದರೆ ಹೋಗಬಹುದು. ದಾಖಲೆಗಳ ಅಫಿಡವಿಟ್‌ಗೆ ಅದೇ ಸಂಹಿತೆಯ ಅನುಬಂಧ ಸಿ ಯಲ್ಲಿ 5ನೇ ನಮೂನೆ ಇದೆ. ನಿಮ್ಮ ಬಳಿ ಇರುವ, ತೋರಿಸಲು ಅಡ್ಡಿ ಇಲ್ಲದ ದಾಖಲೆ ಒಂದು ಪಟ್ಟಿ. ಇದ್ದರೂ ತೋರಿಸಲು ಆಕ್ಷೇಪ ಇರುವುದು ಇನ್ನೊಂದು, ಆಕ್ಷೇಪದ ಕಾರಣದ ಸಮೇತ. ಮೂರನೆಯದು ಮೊದಲು ನಿಮ್ಮ ಬಳಿ ಇದ್ದು ಈಗ ಇಲ್ಲದಿರುವುದು. ಅದು ಕೊನೆಯ ಸಲ ಯಾವಾಗ ನಿಮ್ಮ ಕೈಲಿತ್ತು, ಈಗ ಯಾರ ಹತ್ತಿರ ಇದೆ ಅಂತ ಬರೆಯಬೇಕು. ನಿಮ್ಮ ಕೈಗೆ ಬಾರದೇ ಇದ್ದದ್ದನ್ನು ಇಲ್ಲ ಅಂತಲೇ ಪ್ರಮಾಣ ಮಾಡಿ. ಅಣ್ಣ ಆ ದಾವೆಯಲ್ಲಿ ಪ್ರತಿವಾದಿ ತಾನೇ? ಹಾಗಿದ್ದರೆ ಇದೇ ಆರ್ಡರ್ 11ರಲ್ಲಿ ನೀವು ಅವರಿಗೆ ಅರ್ಜಿ ಹಾಕಿ. ಬೀರುವಿನಲ್ಲಿ ಏನಿದೆ ಅಂತ ಅವರು ಪ್ರಮಾಣ ಮಾಡಿ ಹೇಳಲಿ. ಹೆದರಿ ಹಿಂದೆ ಸರಿಯಬೇಡಿ ತಾಯಿ.

ಕಾನೂನು ಮಿತ್ರ: ಇದಕ್ಕೆ ಸುಲಭ ಉಪಾಯ ಇದೆ. ನೂರು ರೂಪಾಯಿ ಬಾಂಡ್ ಪೇಪರಿನಲ್ಲಿ "ದಾಖಲೆ ಕಳೆದುಹೋಗಿದೆ" ಅಂತ ನೋಟರಿ ಮಾಡಿಸಿ ಕೊಟ್ಟರೆ ಮುಗೀತು. ಇಲ್ಲಾಂದ್ರೆ ಆರ್‌ಟಿಐ ಹಾಕಿ ಅಣ್ಣನಿಂದಲೇ ತರಿಸಿ.

ವಕೀಲೆ: ಮತ್ತೆ ಅದೇ ಕೆಲಸ ಮಾಡಿದಿರಿ. ಕಳೆದಿಲ್ಲದ್ದನ್ನು ಕಳೆದಿದೆ ಅಂತ ಕೋರ್ಟಿಗೆ ಪ್ರಮಾಣ ಮಾಡಿದರೆ ಅದು ಸುಳ್ಳು ಸಾಕ್ಷ್ಯ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 229ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ. ಆರ್‌ಟಿಐ ಇರುವುದು ಸರ್ಕಾರಿ ಪ್ರಾಧಿಕಾರಗಳಿಗೆ. ಅಣ್ಣನ ಬೀರುವಿಗೆ ಅಲ್ಲ. ಆ ಹೆಣ್ಣುಮಗಳು ನಿಮ್ಮ ಮಾತು ಕೇಳಿ ಸಹಿ ಹಾಕಿದರೆ ಜೈಲಿಗೆ ಹೋಗುವವರು ಅವರು, ನೀವಲ್ಲ.

ಕಾನೂನು ಮಿತ್ರ: ಸಹಾಯ ಮಾಡೋಕೆ ಬಂದ್ರೆ ಹೀಗಾ ಮಾತಾಡೋದು? ವಕೀಲರಿಗೆ ಜನ ತಿಳಿದುಕೊಂಡ್ರೆ ಕಷ್ಟ ಅಲ್ವಾ.

ನಿವೃತ್ತ ಶಿರಸ್ತೇದಾರ್: ಮಿತ್ರರೇ, ನಾನು ಕೋರ್ಟ್ ಕಚೇರಿಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಮೇಡಂ ಹೇಳಿದ್ದು ಸರಿ. ಆದರೆ ಒಂದು ಮಾತು ಸೇರಿಸುತ್ತೇನೆ. ಮುಕ್ಕಾಲು ಪಾಲು ಕೇಸುಗಳಲ್ಲಿ ಕಕ್ಷಿದಾರನ ತಪ್ಪು ಇರುವುದಿಲ್ಲ. ಆದೇಶ ಆಗಿದೆ ಅಂತ ವಕೀಲರು ಹೇಳಿಯೇ ಇರುವುದಿಲ್ಲ.

ಲಾ ವಿದ್ಯಾರ್ಥಿ: ಸರ್, ಅದಕ್ಕೆ 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ತೀರ್ಪು ಇದೆ. ವಕೀಲರ ತಪ್ಪಿಗೆ ಕಕ್ಷಿದಾರನಿಗೆ ಶಿಕ್ಷೆ ಆಗಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ವಕೀಲರ ಮೇಲೆ ಹಾಕಿದರೆ ಸಾಕು.

ನಿವೃತ್ತ ಶಿರಸ್ತೇದಾರ್: ಅದೇ ನಾನು ಹೇಳಿದ್ದು.

ವಕೀಲೆ: ಸಾಕಾಗುವುದಿಲ್ಲ. ರಫೀಕ್ ಪ್ರಕರಣದ ಕಕ್ಷಿದಾರ ತನ್ನ ಕೈಲಾದದ್ದನ್ನೆಲ್ಲ ಮಾಡಿ ವಕೀಲರನ್ನು ನಂಬಿದ್ದ. 1993ರ ಸಲೀಲ್ ದತ್ತ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ತಿಳಿವಳಿಕೆ ಇದ್ದೂ ಕೋರ್ಟಿನ ಕಡೆ ತಲೆಹಾಕದವರು ವಕೀಲರನ್ನು ಮುಂದೆ ಮಾಡಿ ತಪ್ಪಿಸಿಕೊಳ್ಳುವಂತಿಲ್ಲ ಅಂದಿತು. ಈಗ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ತಾರೀಖು ಮನೆಯಲ್ಲೇ ಗೊತ್ತಾಗುತ್ತದೆ. "ಗೊತ್ತಿರಲಿಲ್ಲ" ಅನ್ನುವುದನ್ನು ನ್ಯಾಯಾಧೀಶರು ಮೊದಲಿನಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಲಾ ವಿದ್ಯಾರ್ಥಿ: ಹಳ್ಳಿಯವರಿಗೆ ಆ್ಯಪ್ ಎಲ್ಲಿ ಬರುತ್ತೆ ಮೇಡಂ?

ನಿವೃತ್ತ ಶಿರಸ್ತೇದಾರ್: ಹಳ್ಳಿಯವರು ಅಂದರೆ ಏನೂ ಬಾರದವರು ಅಂತಾನಾ ತಮ್ಮಾ? ಫೋನಿನಲ್ಲಿ ಅಡಿಕೆ ರೇಟು ನೋಡುವವರಿಗೆ ತಾರೀಖು ನೋಡಲು ಬರುವುದಿಲ್ಲವೇ?

ಲಾ ವಿದ್ಯಾರ್ಥಿ: ನೀವೇ ತಾನೇ ಕಕ್ಷಿದಾರನ ತಪ್ಪಿಲ್ಲ ಅಂದಿದ್ದು. ಈಗ ಮಾತು ತಿರುಗಿಸ್ತಿದ್ದೀರಿ.

ನಿವೃತ್ತ ಶಿರಸ್ತೇದಾರ್: ಹಿರಿಯರ ಹತ್ತಿರ ಮಾತಾಡುವ ರೀತಿ ಇದಲ್ಲ.

ಲೆಕ್ಕದ ಪುಸ್ತಕ: ಜಗಳ ಆಮೇಲೆ ಮಾಡಿ. ಮೇಡಂ, ಸರಕು ಕೊಟ್ಟ ಬಾಕಿ ನಾಲ್ಕೂವರೆ ಲಕ್ಷಕ್ಕೆ ಕಮರ್ಷಿಯಲ್ ಕೋರ್ಟಿನಲ್ಲಿ ದಾವೆ ಹಾಕಿದ್ದೇನೆ. ಎರಡು ಡೆಲಿವರಿ ಚಲನ್ ಪಟ್ಟಿಯಲ್ಲಿ ಸೇರಿಸಲು ಬಿಟ್ಟುಹೋಗಿದೆ. ಈಗ ಸಿಕ್ಕಿದೆ. ಸಾಕ್ಷಿ ಹೇಳುವಾಗ ಕೊಟ್ಟರಾಯ್ತಾ?

ವಕೀಲೆ: ಆಗುವುದಿಲ್ಲ. 3 ಲಕ್ಷ ಮತ್ತು ಅದಕ್ಕಿಂತ ಮೇಲಿನ ವಾಣಿಜ್ಯ ದಾವೆಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಆರ್ಡರ್ 11ನ್ನೇ ಬದಲಿಸಿದೆ. ಅಲ್ಲಿ ಎದುರಾಳಿ ಕೇಳುವ ತನಕ ಕಾಯುವಂತಿಲ್ಲ. ನಿಮ್ಮ ಬಳಿ ಇರುವ ಎಲ್ಲ ದಾಖಲೆಯನ್ನೂ, ನಿಮಗೆ ಅನುಕೂಲವೋ ಅಲ್ಲವೋ, ದಾವೆಯ ಜೊತೆಗೇ ಪ್ರಮಾಣ ಮಾಡಿ ಕೊಡಬೇಕು. ಬಿಟ್ಟದ್ದನ್ನು ಆಮೇಲೆ ತರಲು ಕೋರ್ಟಿನ ಅನುಮತಿ ಬೇಕು, ಬಿಟ್ಟದ್ದಕ್ಕೆ ಒಪ್ಪುವಂಥ ಕಾರಣ ಬೇಕು. ಈ ವಾರವೇ ಅರ್ಜಿ ಹಾಕಿಸಿ. ಚಲನ್ ಎಲ್ಲಿ ಇತ್ತು, ಯಾರಿಗೆ, ಯಾವತ್ತು ಸಿಕ್ಕಿತು ಅಂತ ಸ್ಪಷ್ಟವಾಗಿ ಬರೆಸಿ. "ಕಣ್ತಪ್ಪಿನಿಂದ" ಅನ್ನುವ ಒಂದೇ ಪದ ಬರೆದು ಬಿಡಬೇಡಿ.

ದೂರದ ದೇಶ: ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ಡಿಸ್ಕವರಿ, ಅಂದರೆ ಎದುರಾಳಿಯಿಂದ ದಾಖಲೆ, ಉತ್ತರ ಪಡೆಯುವುದು, ಕೇಸಿನ ಅರ್ಧ ಭಾಗ ಅದೇ. ಫೆಡರಲ್ ರೂಲ್ 37ರಲ್ಲಿ ಕೇಸು ವಜಾ ಮಾಡಬಹುದು. 1976ರಲ್ಲಿ ನ್ಯಾಷನಲ್ ಹಾಕಿ ಲೀಗ್ ಪ್ರಕರಣದಲ್ಲಿ ಲಿಖಿತ ಪ್ರಶ್ನೆಗಳಿಗೆ 17 ತಿಂಗಳು ಸರಿಯಾಗಿ ಉತ್ತರ ಕೊಡಲಿಲ್ಲ ಅಂತ ಕೇಸು ವಜಾ ಆಗಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೇರೆಯವರಿಗೂ ಪಾಠ ಆಗಲಿ ಅನ್ನುವುದೂ ಕಾರಣ. ನಮ್ಮಲ್ಲೂ ಹಾಗೆ ಬಿಗಿ ಇದ್ದಿದ್ದರೆ ಕೇಸುಗಳು ಇಪ್ಪತ್ತು ವರ್ಷ ಎಳೆಯುತ್ತಿರಲಿಲ್ಲ.

ಲಾ ವಿದ್ಯಾರ್ಥಿ: ಅಲ್ಲಿ ದಾಖಲೆ ಹುಡುಕೋಕೆ ಆಗುವ ಖರ್ಚು ನಮ್ಮ ಜನ ಕೊಡೋಕಾಗುತ್ತಾ?

ದೂರದ ದೇಶ: ನಾನು ಖರ್ಚಿನ ಮಾತೇ ಆಡಿಲ್ಲ.

ವಕೀಲೆ: ಅಲ್ಲಿನದು ಅಲ್ಲಿಗೆ. ನಮ್ಮಲ್ಲಿ 1978ರ ಬಬ್ಬರ್ ಸೂಯಿಂಗ್ ಮೆಷಿನ್ ಪ್ರಕರಣದ ತೀರ್ಪು ಈಗಲೂ ಆಧಾರ. ರೂಲ್ 21 ಕಠಿಣವಾದ ಶಿಕ್ಷೆ. ಕೋರ್ಟಿನ ಆದೇಶವನ್ನು ಹಟದಿಂದ, ಬೇಕೆಂದೇ ಮೀರಿದ್ದು ಕಂಡಾಗ, ಕೊನೆಯ ಅಸ್ತ್ರವಾಗಿ ಮಾತ್ರ ಬಳಸಬೇಕು ಅಂತ ಅದರಲ್ಲಿದೆ. ನನಗೆ ಇದು ಸರಿಯಾದ ದಾರಿ ಅನ್ನಿಸುತ್ತದೆ. ಸಾಕ್ಷಿಯೇ ಕೇಳದೆ ಒಬ್ಬರ ಹಕ್ಕು ಕಿತ್ತುಕೊಳ್ಳುವುದು ಸಣ್ಣ ಮಾತಲ್ಲ.

ಎದುರು ಪಾರ್ಟಿ: ನಾನು ಪ್ರತಿವಾದಿ. ನನ್ನ ಪ್ರತಿವಾದ ತೆಗೆದು ಹಾಕಿದ್ದಾರೆ. ಇನ್ನು ಕೋರ್ಟಿಗೆ ಹೋಗಿ ಪ್ರಯೋಜನ ಇಲ್ಲ ಅಲ್ವಾ?

ವಕೀಲೆ: ಹೋಗಲೇಬೇಕು. ನಿಮ್ಮ ಕಡೆಯ ಕಥೆಯನ್ನು ಸಾಕ್ಷಿ ಹಾಕಿ ಹೇಳಲು ಆಗುವುದಿಲ್ಲ. ಆದರೆ ವಾದಿಯ ಸಾಕ್ಷಿಯನ್ನು ಪಾಟೀಸವಾಲು ಮಾಡಬಹುದು, ಅವರ ಕೇಸು ಅವರ ಸಾಕ್ಷ್ಯದಿಂದಲೇ ನಿಲ್ಲುವುದಿಲ್ಲ ಅಂತ ವಾದ ಮಾಡಬಹುದು. 1988ರ ಮೊಡ್ಯೂಲಾ ಇಂಡಿಯಾ ತೀರ್ಪು ಓದಲು ನಿಮ್ಮ ವಕೀಲರಿಗೆ ಹೇಳಿ. ಅದು ಬಾಡಿಗೆ ಪ್ರಕರಣ, ಆದರೂ ತತ್ವ ಇದೇ. ಆದೇಶದ ಮೇಲೆ ಅಪೀಲು ನಿಮಗೂ ಇದೆ.

ಇನ್ನೊಬ್ಬ ಸದಸ್ಯ: ವಾಟ್ಸಾಪ್ ಚಾಟ್ ಕೊಡಿ ಅಂತ ಕೋರ್ಟ್ ಹೇಳಿದೆ. ಹಳೇ ಫೋನ್ ನೀರಿಗೆ ಬಿದ್ದು ಹೋಗಿದೆ. ಏನು ಮಾಡಲಿ?

ಹೊಸ ಸದಸ್ಯ 2: ಮೇಡಂ ಗೈರುಹಾಜರಿಯಿಂದ ವಜಾ ಆದರೆ ಎಷ್ಟು ದಿನ ಇರುತ್ತೆ?

ವಕೀಲೆ: ಮೇಲೆ ಹೇಳಿದ್ದೇನೆ. 30.

ಸೈಟಿನ ಕರಾರು: ಮೇಡಂ, ಆರ್ಡರ್ ಶೀಟಿನ ಫೋಟೋ ವಕೀಲರ ಗುಮಾಸ್ತರು ಕಳಿಸಿದರು. ಅಫಿಡವಿಟ್ ಕೊಡಿ ಅಂತ ಆದೇಶ ಆಗಿದೆ. ಆಮೇಲೆ ಎರಡು ಸಲ ಸಮಯ ಕೊಟ್ಟಿದ್ದಾರೆ. ನಮ್ಮ ಕಡೆಯಿಂದ ಮೆಮೋ ಜೊತೆ ಜೆರಾಕ್ಸ್ ಕೊಟ್ಟಿದ್ದು ಇದೆ. ಅಫಿಡವಿಟ್ ಕೊಟ್ಟಿಲ್ಲ. "ಕೊನೆಯ ಅವಕಾಶ" ಅಂತ ಎಲ್ಲೂ ಇಲ್ಲ. ವಜಾ ಮಾಡಿ ಅನ್ನೋ ಅರ್ಜಿ ಅವರು ಹಾಕಿದ ದಿನವೇ ಒಪ್ಪಿದ್ದಾರೆ. ಅವತ್ತು ನಮ್ಮ ವಕೀಲರು ಬೇರೆ ಕೋರ್ಟಿನಲ್ಲಿದ್ದರಂತೆ. ಇನ್ನೊಂದು ವಿಷಯ ಹೇಳಬೇಕು. ಸ್ಟೇಟ್‌ಮೆಂಟ್ ನಾನೇ ತಡ ಮಾಡಿದೆ. ಬಾಕಿ ಕೊಡಬೇಕಿದ್ದಷ್ಟು ಹಣ ಆಗ ಖಾತೆಯಲ್ಲಿ ಇರಲಿಲ್ಲ. ಅದು ನೋಡಿದರೆ ಸೋಲ್ತೀನಿ ಅಂತ ಹೆದರಿದೆ.

ಕಾನೂನು ಮಿತ್ರ: ಕೊಡದೇ ಇದ್ದದ್ದು ಒಳ್ಳೆಯದೇ ಆಯ್ತು ಬಿಡಿ.

ವಕೀಲೆ: ಅಡ್ಮಿನ್, ಇವರನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ. ಒಬ್ಬರ ಬದುಕಿನ ಉಳಿತಾಯದ ಪ್ರಶ್ನೆ ಇದು.

ಸೈಟಿನ ಕರಾರು ಅವರೇ, ಹೇಳಿದ್ದು ಒಳ್ಳೆಯದಾಯಿತು. ಎರಡು ವಿಷಯ ಬೇರೆ ಬೇರೆ ಮಾಡಿ ಹೇಳುತ್ತೇನೆ.

ಮೊದಲನೆಯದು ನಿಮ್ಮ ಪರವಾಗಿದೆ. ರೂಲ್ 21ರಡಿ ಆದೇಶ ಮಾಡುವ ಮೊದಲು ನೋಟಿಸ್ ಕೊಟ್ಟು, ಹೇಳಿಕೊಳ್ಳಲು ಸಮಂಜಸವಾದ ಅವಕಾಶ ಕೊಡಬೇಕು ಅಂತ ನಿಯಮದ ಮಾತಿನಲ್ಲೇ ಇದೆ. ಅರ್ಜಿ ಬಂದ ದಿನವೇ, ತಕರಾರಿಗೆ ಸಮಯ ಕೊಡದೆ ವಜಾ ಮಾಡಿದ್ದರೆ ಅಪೀಲಿನಲ್ಲಿ ಇದು ನಿಮ್ಮ ಮೊದಲ ಅಂಶ. ಪೂರ್ತಿ ಅಲ್ಲದಿದ್ದರೂ ಒಂದಷ್ಟು ದಾಖಲೆ ಕೊಟ್ಟಿದ್ದೀರಿ, ಕೊನೆಯ ಅವಕಾಶ ಅಂತ ಎಚ್ಚರಿಕೆ ಇರಲಿಲ್ಲ ಅನ್ನುವುದು ಎರಡನೆಯ ಅಂಶ. ಇದು ಹಟ ಅಲ್ಲ ಅಂತ ತೋರಿಸಲು ಬಬ್ಬರ್ ತೀರ್ಪು ಸಹಾಯಕ್ಕೆ ಬರುತ್ತದೆ.

ಎರಡನೆಯದು ನಿಮ್ಮ ಭಯ. ಕ್ರಯ ಮಾಡಿಸಿಕೊಡಿ ಅನ್ನುವ ದಾವೆಯಲ್ಲಿ ನೀವು ಸಿದ್ಧವಾಗಿದ್ದಿರಿ, ಮನಸ್ಸೂ ಇತ್ತು ಅಂತ ತೋರಿಸಬೇಕು, ನಿಜ. ಅದು ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ ಸೆಕ್ಷನ್ 16(ಸಿ). ಅದಕ್ಕೇ ಅವರು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದ್ದು, ಕೇಳುವ ಹಕ್ಕೂ ಇತ್ತು. ವಿವಾದದ ಮೇಲೆ ಬೆಳಕು ಬೀಳುವಂಥ ದಾಖಲೆ ಯಾವುದನ್ನಾದರೂ ಕೇಳಬಹುದು ಅಂತ 1972ರ ಎಂ.ಎಲ್. ಸೇಠಿ ತೀರ್ಪಿನಲ್ಲಿದೆ. ಆದರೆ ಸಿದ್ಧವಾಗಿರುವುದು ಅಂದರೆ ಆ ದಿನ ಖಾತೆಯಲ್ಲಿ ಅಷ್ಟೂ ನಗದು ಇರಬೇಕು ಅಂತ ಅರ್ಥ ಅಲ್ಲ. ಕೋರ್ಟು ಹೇಳದ ಹೊರತು ಹಣ ಮುಂದೆ ಇಡುವುದೋ ಠೇವಣಿ ಮಾಡುವುದೋ ಕಡ್ಡಾಯವಲ್ಲ ಅಂತ ಆ ಸೆಕ್ಷನ್ನಿನ ವಿವರಣೆಯಲ್ಲೇ ಇದೆ. ಹಣ ಹೊಂದಿಸುವ ಶಕ್ತಿ ಇತ್ತು ಅಂತ ತೋರಿಸಿದರೆ ಆಗುತ್ತದೆ. ಸಾಲ ಮಂಜೂರಾದ ಪತ್ರ ಇತ್ತಾ? ಮನೆಯವರ ಹೆಸರಿನ ಠೇವಣಿ? ಮಾರಲು ಇಟ್ಟಿದ್ದ ಆಸ್ತಿ? ನೀವು ಬಚ್ಚಿಟ್ಟ ಸ್ಟೇಟ್‌ಮೆಂಟಿನಿಂದ ನಿಮಗೆ ಅಷ್ಟು ಕೆಡುಕಾಗುತ್ತಿರಲಿಲ್ಲ. ಬಚ್ಚಿಟ್ಟದ್ದರಿಂದ ಆಯಿತು.

ಸೈಟಿನ ಕರಾರು: ಸಾಲ ಮಂಜೂರಾದ ಪತ್ರ ಇದೆ ಮೇಡಂ! ಅದನ್ನ ಯಾರೂ ಕೇಳಲೇ ಇಲ್ಲ ಅಂತ ಕೊಟ್ಟಿಲ್ಲ.

ವಕೀಲೆ: ಅದೇ ನಿಮ್ಮ ಮುಖ್ಯ ದಾಖಲೆ. ಅಪೀಲಿನ ಜೊತೆಗೆ 5ನೇ ನಮೂನೆಯ ಅಫಿಡವಿಟ್ ಪೂರ್ತಿ ಸಿದ್ಧ ಮಾಡಿ ಲಗತ್ತಿಸಿ. ಸ್ಟೇಟ್‌ಮೆಂಟಿನ ಎಲ್ಲ ಪುಟ ಇರಲಿ, ಮಧ್ಯದ ಪುಟ ಬಿಡಬೇಡಿ. ಆದೇಶ ಪಾಲಿಸಲು ಈಗಲೇ ತಯಾರಿದ್ದೇನೆ, ಎದುರಿನವರಿಗೆ ಆದ ತೊಂದರೆಗೆ ವೆಚ್ಚ ಹಾಕಿದರೂ ಕಟ್ಟುತ್ತೇನೆ ಅಂತ ಬರೆಸಿ.

ದೂರದ ದೇಶ: ತಾನೇ ಬಚ್ಚಿಟ್ಟೆ ಅಂತ ಒಪ್ಪಿದವರಿಗೆ ಇಷ್ಟು ಸಹಾಯ ಯಾಕೆ? ಎದುರಿನ ಮಾಲೀಕರು ಪಾಪ ಅಲ್ವಾ?

ನಿವೃತ್ತ ಶಿರಸ್ತೇದಾರ್: ಅಡ್ವಾನ್ಸ್ ಇಟ್ಟುಕೊಂಡು ಕೂತವರು ಪಾಪವೇ? ದೂರ ಕೂತು ಹೇಳುವುದು ಸುಲಭ.

ದೂರದ ದೇಶ: ದೂರ ಇದ್ದರೆ ಮಾತಾಡಬಾರದಾ? ನನ್ನ ಜಮೀನಿನ ಕೇಸೂ ಅಲ್ಲೇ ನಡೀತಿದೆ.

ಹೊಸ ಸದಸ್ಯ 3: ಕೇಸ್ ಡಿಸ್ಮಿಸ್ ಆಗಿದೆ, ವಾಯಿದೆಗೆ ಹೋಗಿರಲಿಲ್ಲ. ಏನು ಮಾಡಬೇಕು ತಿಳಿಸಿ.

ವಕೀಲೆ: ದಯವಿಟ್ಟು ಮೇಲಿನಿಂದ ಓದಿ.

ಹೊಸ ಸದಸ್ಯ 3: ಅಷ್ಟು ಓದೋಕೆ ಟೈಮ್ ಇಲ್ಲ ಮೇಡಂ. ಒಂದು ಸಾಲು ಹೇಳೋಕೆ ಕಷ್ಟಾನಾ?

ಅಡ್ಮಿನ್: ಇನ್ನು ಹೊಸ ಪ್ರಶ್ನೆ ಬೇಡ. ಶಿರಸ್ತೇದಾರ್ ಸರ್, ದೂರದ ದೇಶ ಸರ್, ಇಬ್ಬರೂ ನಿಲ್ಲಿಸಿ. ಕಾನೂನು ಮಿತ್ರ ಅವರ ಎರಡೂ ಮೆಸೇಜ್ ಅಳಿಸಿದ್ದೇನೆ.

ಸೈಟಿನ ಕರಾರು: ಮೇಡಂ, ನಾಳೆ ಮೊದಲು ಏನು ಮಾಡಲಿ?

ವಕೀಲೆ: ಬೆಳಿಗ್ಗೆ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಆ ಆದೇಶದ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಆರ್ಡರ್ ಶೀಟಿಗೂ ಹಾಕಿ. ಫೋಟೋ ನಡೆಯುವುದಿಲ್ಲ. ನಕಲು ಸಿಗಲು ಹಿಡಿದ ಸಮಯವನ್ನು ಅಪೀಲಿನ ಗಡುವಿನಿಂದ ಕಳೆಯುತ್ತಾರೆ. ಆದರೆ ಅರ್ಜಿ ಹಾಕಿದ ದಿನದಿಂದ ಮಾತ್ರ. ಅರ್ಜಿಯ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಅಪೀಲು ಹಾಕುವ ವಕೀಲರಿಗೆ ಬಚ್ಚಿಟ್ಟ ವಿಷಯವನ್ನೂ, ಸಾಲದ ಪತ್ರದ ವಿಷಯವನ್ನೂ ಎರಡನ್ನೂ ಮೊದಲ ದಿನವೇ ಹೇಳಿ.